ಎಷ್ಟು ಗಡಸು ಸಾಕು? ಜೇಬಿನ ಚಾಕುವಿನ ಉಕ್ಕು ಮತ್ತು ಎರೆಸೀಮೆಯ ಕೆಲಸ

ಧಾರವಾಡ ಜಿಲ್ಲೆಯ ಶಲವಡಿಯಂಥ, ಕಪ್ಪು ಮಣ್ಣಿನ ಎರೆಸೀಮೆಯ ಊರಿನಲ್ಲಿ ರೈತನ ಜೇಬಿನ ಚಾಕುವಿಗೆ ಬಿಡುವಿಲ್ಲ. ಗೊಬ್ಬರದ ಚೀಲದ ಹೊಲಿಗೆ ಬಿಚ್ಚಬೇಕು, ಕಡಲೆ ತುಂಬಿದ ಚೀಲದ ಸುತಳಿ ಕತ್ತರಿಸಬೇಕು, ಪಂಪ್‌ಸೆಟ್ಟಿನ ವೈರಿನ ಮೇಲಿನ ಪ್ಲಾಸ್ಟಿಕ್ ಸುಲಿಯಬೇಕು, ನೀರಿನ ಪೈಪು ಕೊಯ್ಯಬೇಕು, ಎತ್ತಿನ ಹಗ್ಗದ ತುದಿ ಸವರಬೇಕು, ಮಧ್ಯಾಹ್ನ ರೊಟ್ಟಿ ಬುತ್ತಿಯ ಜೊತೆಗೆ ಉಳ್ಳಾಗಡ್ಡಿ ಹೆಚ್ಚಬೇಕು. ಇಷ್ಟೆಲ್ಲ ಮಾಡಿದ ಚಾಕು ವಾರದೊಳಗೆ ಮೊಂಡಾದರೆ ಮಾಲೀಕ ಅಂಗಡಿಯವನನ್ನು ಬೈಯುತ್ತಾನೆ. ತುದಿ ಮುರಿದರೆ ಉಕ್ಕನ್ನೇ ಬೈಯುತ್ತಾನೆ. ಮೊದಲನೆಯದು ಬಹುಪಾಲು ಅಲಗು ಮೆತ್ತಗಾದದ್ದರ ಫಲ, ಎರಡನೆಯದು ಬಹುಪಾಲು ಅದು ಅತಿ ಗಡಸಾದದ್ದರ ಫಲ. ಈ ಎರಡರ ನಡುವೆ ಸರಿಯಾದ ಜಾಗ ಎಲ್ಲಿದೆ ಎಂಬುದೇ ಈ ಲೇಖನದ ಪ್ರಶ್ನೆ.

ಈಗ ಆನ್‌ಲೈನಿನಲ್ಲಿ ಬರುವ ಚಾಕುಗಳ ಪೆಟ್ಟಿಗೆಯ ಮೇಲೆ 58, 60, 62 ಎಂಬ ಅಂಕಿಗಳಿರುತ್ತವೆ. ಅಂಕಿ ದೊಡ್ಡದಾದಷ್ಟೂ ಚಾಕು ಒಳ್ಳೆಯದು ಎಂಬ ನಂಬಿಕೆಯೂ ಅದರ ಜೊತೆಗೇ ಹಳ್ಳಿಗೆ ಬಂದಿದೆ. ಆ ನಂಬಿಕೆ ತಪ್ಪು. ಅಲಗು ಮಾಡುವ ಕೆಲಸ, ಅದರ ಅಂಚಿನ ದಪ್ಪ, ಮನೆಯಲ್ಲಿರುವ ಮಸೆಗಲ್ಲು, ಈ ಮೂರನ್ನು ನೋಡಿಯೇ ಗಡಸುತನವನ್ನು ಆರಿಸಬೇಕು.

ಅಂಕಿ ಏನನ್ನು ಹೇಳುತ್ತದೆ

ಉಕ್ಕಿನ ಮೇಲೆ ಇನ್ನೊಂದು ಗಟ್ಟಿ ವಸ್ತುವನ್ನು ಒತ್ತಿದಾಗ ಉಕ್ಕು ಎಷ್ಟು ಕಡಿಮೆ ತಗ್ಗುತ್ತದೋ ಅಷ್ಟು ಗಡಸು. ಸ್ವೀಡನ್ನಿನ ಯೋಹಾನ್ ಆಗಸ್ಟ್ ಬ್ರಿನೆಲ್ 1900ರಲ್ಲಿ ಉಕ್ಕಿನ ಗುಂಡನ್ನು ಒತ್ತಿ ಗುಳಿಯ ಅಗಲ ಅಳೆಯುವ ಕ್ರಮ ತಂದರು. ಬೇರಿಂಗ್ ಕಾರ್ಖಾನೆಯಲ್ಲಿದ್ದ ಅಮೆರಿಕದ ಹ್ಯೂ ರಾಕ್‌ವೆಲ್ ಮತ್ತು ಸ್ಟ್ಯಾನ್ಲಿ ರಾಕ್‌ವೆಲ್ ಗುಳಿಯ ಆಳವನ್ನು ನೇರವಾಗಿ ತೋರಿಸುವ ಯಂತ್ರಕ್ಕೆ 1914ರಲ್ಲಿ ಪೇಟೆಂಟ್ ಅರ್ಜಿ ಹಾಕಿದರು; 1919ರಲ್ಲಿ ಅದು ಸಿಕ್ಕಿತು. ಚಾಕುಗಳ ಮೇಲಿನ ಅಂಕಿ ಈ ರಾಕ್‌ವೆಲ್ ಕ್ರಮದ 'ಸಿ' ಮಾನದ್ದು. ಎಚ್‌ಆರ್‌ಸಿ ಎಂದು ಬರೆಯುವುದು ಅದನ್ನೇ.

ಈ ಮಾನದಲ್ಲಿ 120 ಡಿಗ್ರಿ ಕೋನದ ವಜ್ರದ ಮೊನೆಯನ್ನು ಮೊದಲು 10 ಕಿಲೋ, ಆಮೇಲೆ ಒಟ್ಟು 150 ಕಿಲೋ ಭಾರದಲ್ಲಿ ಒತ್ತುತ್ತಾರೆ. ಭಾರ ತೆಗೆದ ಮೇಲೂ ಉಳಿಯುವ ಹೆಚ್ಚುವರಿ ಆಳದಲ್ಲಿ ಪ್ರತಿ 0.002 ಮಿಲಿಮೀಟರಿಗೆ ಒಂದರಂತೆ ನೂರರಿಂದ ಕಳೆಯುತ್ತಾರೆ. 60 ಎಚ್‌ಆರ್‌ಸಿ ಎಂದರೆ ಮೊನೆ 0.08 ಮಿಲಿಮೀಟರು ಇಳಿಯಿತು ಎಂದರ್ಥ. ಅಳತೆ ಬೇಗ ಮುಗಿಯುತ್ತದೆ, ಗುರುತು ಚಿಕ್ಕದು. ಕಾರ್ಖಾನೆಗಳು ಇದನ್ನು ಒಪ್ಪಿಕೊಂಡದ್ದು ಅದಕ್ಕೇ.

ಕೊಳ್ಳುವವರು ಒಂದು ಮಾತು ನೆನಪಿಡಬೇಕು. ಈ ಅಳತೆಯನ್ನು ಅಲಗಿನ ದಪ್ಪ ಭಾಗದಲ್ಲಿ ಮಾಡುತ್ತಾರೆ, ಕೂದಲಿನಷ್ಟು ತೆಳುವಾದ ಅಂಚಿನಲ್ಲಿ ಮಾಡಲಾಗದು. ಅಂಚನ್ನು ಉಜ್ಜುವಾಗ ಕಾಯಿಸಿಬಿಟ್ಟಿದ್ದರೆ ಪೆಟ್ಟಿಗೆಯ ಮೇಲೆ 60 ಇದ್ದರೂ ಕೊಯ್ಯುವ ಜಾಗದಲ್ಲಿ ಅಷ್ಟು ಗಡಸು ಉಳಿದಿರುವುದಿಲ್ಲ.

ಕುಲುಮೆಯಲ್ಲಿ ಆಗುವುದು

ಗಡಸುತನ ಉಕ್ಕಿನಲ್ಲಿರುವ ಇಂಗಾಲದಿಂದ ಮತ್ತು ಅದಕ್ಕೆ ಕೊಡುವ ಬಿಸಿಯ ಹದದಿಂದ ಬರುತ್ತದೆ. ಮನೆ ಕಟ್ಟುವ ಸರಳಿನಲ್ಲಿ ಇಂಗಾಲ ಸುಮಾರು ಶೇ. 0.25ರ ಆಸುಪಾಸು, ಅದನ್ನು ಎಷ್ಟು ಕಾಸಿ ಅದ್ದಿದರೂ ಒಳ್ಳೆಯ ಚಾಕು ಆಗುವುದಿಲ್ಲ. ಲಾರಿಯ ಸ್ಪ್ರಿಂಗ್ ಪಟ್ಟಿಯಲ್ಲಿ ಶೇ. 0.5ರಿಂದ 0.6, ಬೇರಿಂಗ್ ಉಕ್ಕಿನಲ್ಲಿ ಸುಮಾರು ಶೇ. 1, ಒಳ್ಳೆಯ ಅರದಲ್ಲಿ ಶೇ. 1.2ರವರೆಗೂ ಇಂಗಾಲ ಇರುತ್ತದೆ. ಹಳ್ಳಿಯ ಕಂಬಾರರು ಹಳೇ ಸ್ಪ್ರಿಂಗ್ ಪಟ್ಟಿ, ಸವೆದ ಅರ, ಒಡೆದ ಬೇರಿಂಗುಗಳನ್ನು ಎತ್ತಿಡುವುದಕ್ಕೆ ಕಾರಣ ಇದೇ.

ಇಂಥ ಉಕ್ಕನ್ನು 800 ಡಿಗ್ರಿ ಸೆಲ್ಸಿಯಸ್ ದಾಟಿ ಕಾಸಿದಾಗ ಇಂಗಾಲ ಕಬ್ಬಿಣದೊಳಗೆ ಕರಗಿ ಹರಡುತ್ತದೆ. ಥಟ್ಟನೆ ತಣಿಸಿದರೆ ಹೊರಬರಲು ಅದಕ್ಕೆ ಸಮಯ ಸಿಗದೆ ಹರಳಿನ ಜಾಲದೊಳಗೇ ಸಿಕ್ಕಿಹಾಕಿಕೊಳ್ಳುತ್ತದೆ. ಹಾಗೆ ಬಿಗಿದುಕೊಂಡ ರಚನೆಯೇ ಮಾರ್ಟೆನ್ಸೈಟ್. ಹೆಚ್ಚು ಇಂಗಾಲದ ಉಕ್ಕು ಆಗ 65 ಎಚ್‌ಆರ್‌ಸಿ ಹತ್ತಿರ ಹೋಗುತ್ತದೆ. ಆದರೆ ಆ ಸ್ಥಿತಿಯಲ್ಲಿ ಅದು ಖಡಕ್ ರೊಟ್ಟಿಯ ಹಾಗೆ: ಬಾಗದು, ಒತ್ತಿದರೆ ಮುರಿಯುತ್ತದೆ. ಆದ್ದರಿಂದ ಮತ್ತೊಮ್ಮೆ ಸಣ್ಣ ಬಿಸಿಯಲ್ಲಿ ಕಾಸಿ ಪೆಡಸು ಇಳಿಸಬೇಕು. ಚಾಕು ಬಾಳುವುದೂ ಮುರಿಯುವುದೂ ಈ ಎರಡನೆಯ ಬಿಸಿಯಲ್ಲೇ ತೀರ್ಮಾನವಾಗುತ್ತದೆ.

ಉಜ್ಜಿ ಹೊಳಪಾಗಿಸಿದ ಉಕ್ಕು ಈ ಬಿಸಿಯಲ್ಲಿ ಬಣ್ಣ ತಿರುಗುತ್ತದೆ. 200ರಿಂದ 220 ಡಿಗ್ರಿಯಲ್ಲಿ ಒಣಹುಲ್ಲಿನ ತಿಳಿಹಳದಿ, 240ರ ಸುತ್ತ ಗಾಢ ಹಳದಿ, 260ರಿಂದ 280ರಲ್ಲಿ ಕಂದು, ನೇರಳೆ, 300ರ ಹತ್ತಿರ ನೀಲಿ. ಹಳದಿಯಲ್ಲಿ ನಿಲ್ಲಿಸಿದರೆ ಚಾಕು. ನೇರಳೆಯಲ್ಲಿ ನಿಲ್ಲಿಸಿದರೆ ಕೊಡಲಿಗೆ ಒಪ್ಪುವ ತಾಳಿಕೆ. ನೀಲಿಗೆ ಹೋದರೆ ಸ್ಪ್ರಿಂಗಿನ ಗುಣ. ಯಂತ್ರವಿಲ್ಲದ ಕಾಲದಲ್ಲಿ ಕಂಬಾರರು ಕಣ್ಣಿನಿಂದ ಮಾಡಿದ್ದು ಇದೇ ಅಳತೆ. ಕುಲುಮೆಯನ್ನು ಅರೆಗತ್ತಲೆಯಲ್ಲಿ ಇಟ್ಟುಕೊಳ್ಳುವುದಕ್ಕೂ ಕಾರಣ ಉಂಟು: ಬಿಸಿಲಿನಲ್ಲಿ ಕಾದ ಉಕ್ಕಿನ ಕೆಂಪು ಸರಿಯಾಗಿ ತಿಳಿಯುವುದಿಲ್ಲ.

ಸ್ಪ್ರಿಂಗ್ ಪಟ್ಟಿಯನ್ನು ನೀರಿಗೆ ಅದ್ದುವ ರೂಢಿ ಹಲವು ಕಡೆ ಇದೆ. ಮ್ಯಾಂಗನೀಸ್, ಸಿಲಿಕಾನ್ ಅಥವಾ ಕ್ರೋಮಿಯಂ ಬೆರೆತ ಈ ಉಕ್ಕಿಗೆ ನೀರಿನ ತಣಿಪು ಅತಿ ಜೋರು. ಕಣ್ಣಿಗೆ ಕಾಣದ ಬಿರುಕುಗಳು ಬೀಳುತ್ತವೆ. ಎಣ್ಣೆಯಲ್ಲಿ ಅದ್ದಿ, ಬಳಿಕ ಸುಮಾರು 200 ಡಿಗ್ರಿಯಲ್ಲಿ ಒಂದು ತಾಸಿನಂತೆ ಎರಡು ಸಲ ಕಾಸಿದರೆ 57, 58ರ ಸುತ್ತಿನ ಒಳ್ಳೆಯ ಅಲಗು ಅದರಿಂದ ಬರುತ್ತದೆ. ಅದ್ದಲು ಬೇಕಾದ ಕೆಂಪನ್ನು ಗುರುತಿಸಲು ಅಯಸ್ಕಾಂತವೊಂದು ಸಾಕು. ಸುಮಾರು 770 ಡಿಗ್ರಿಯಲ್ಲಿ ಕಬ್ಬಿಣ ಅಯಸ್ಕಾಂತಕ್ಕೆ ಅಂಟುವುದನ್ನು ಬಿಡುತ್ತದೆ. ಅದಕ್ಕಿಂತ ಸ್ವಲ್ಪ ಮೇಲಕ್ಕೆ ಹೋದಾಗ ಅದ್ದಬೇಕು.

ಕರ್ನಾಟಕದ ಹಳೆಯ ಉಕ್ಕಿನ ಪಾಠ

ನಮ್ಮ ನಾಡಿಗೆ ಈ ವಿದ್ಯೆ ಹೊಸದಲ್ಲ. ಚಿತ್ರದುರ್ಗ ಜಿಲ್ಲೆಯ ಗಟ್ಟಿಹೊಸಹಳ್ಳಿಯಲ್ಲಿ ಮೂಸೆಯಲ್ಲಿ ಉಕ್ಕು ಕರಗಿಸಿದ ಕುರುಹುಗಳು ಸಿಕ್ಕಿವೆ. 1800–01ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಮಧುಗಿರಿ ಸುತ್ತಿನ ಕಬ್ಬಿಣ, ಉಕ್ಕಿನ ಕುಲುಮೆಗಳನ್ನು ಕಂಡು ವಿವರವಾಗಿ ಬರೆದರು. ಅವರ ಪುಸ್ತಕ 1807ರಲ್ಲಿ ಅಚ್ಚಾಯಿತು. ಮಧುಗಿರಿ ಸುತ್ತಿನ ಚನ್ನರಾಯನದುರ್ಗದ ಉಕ್ಕಿನ ತಂತಿ ವಾದ್ಯಗಳಲ್ಲಿನ ಬಳಕೆಗೆ ಹೆಸರಾಗಿತ್ತು. ದಕ್ಷಿಣ ಭಾರತದ ಈ ಮೂಸೆಯ ಉಕ್ಕು 'ವೂಟ್ಜ್' ಎಂಬ ಹೆಸರಿನಲ್ಲಿ ಯುರೋಪಿಗೆ ಹೋಯಿತು. ಮೈಕೆಲ್ ಫ್ಯಾರಡೆ ಕೂಡ ಅದನ್ನು ಪರೀಕ್ಷಿಸಿದ್ದರು. ಶಾರದಾ ಶ್ರೀನಿವಾಸನ್ ಮತ್ತು ಎಸ್. ರಂಗನಾಥನ್ ಅದರ ಚರಿತ್ರೆಯನ್ನು 2004ರಲ್ಲಿ ಪುಸ್ತಕವಾಗಿ ತಂದರು.

ಇಂಥ ಉಕ್ಕಿನಲ್ಲಿ ಇಂಗಾಲ ಸಾಮಾನ್ಯವಾಗಿ ಶೇ. 1.2ಕ್ಕಿಂತ ಹೆಚ್ಚು. ಅದರಿಂದ ಮಾಡಿದ ಡಮಾಸ್ಕಸ್ ಖಡ್ಗಗಳ ಖ್ಯಾತಿ ಜಗತ್ತಿಗೇ ಗೊತ್ತು. ಆದರೆ ಹಳೆಯ ಖಡ್ಗಗಳ ತುಂಡುಗಳನ್ನು ಪ್ರಯೋಗಶಾಲೆಯಲ್ಲಿ ನೋಡಿದಾಗ ಹಲವು ಅಲಗುಗಳು ಇಂದಿನ ಸಾಮಾನ್ಯ ಚಾಕುವಿಗಿಂತ ಮೆತ್ತಗಿದ್ದವು. ಮೆತ್ತಗಿನ ತಳದಲ್ಲಿ, ಇಂಗಾಲ ಲೋಹದೊಡನೆ ಕೂಡಿ ಆದ ಅತಿ ಗಟ್ಟಿಯಾದ ಕಾರ್ಬೈಡ್ ಕಣಗಳು ಸಾಲು ಸಾಲಾಗಿ ಕೂತಿದ್ದವು. ಒಂದೇ ಅಂಕಿಯಲ್ಲಿ ಹಿಡಿದಿಡಲಾಗದ ಗುಣ ಅದು. ಗಡಸುತನವನ್ನೇ ಅಲಗಿನ ಯೋಗ್ಯತೆ ಎಂದು ಎಣಿಸುವವರಿಗೆ ನಮ್ಮ ನೆಲದ ಉಕ್ಕೇ ಕೊಡುವ ಉತ್ತರ ಇದು.

ನಮ್ಮ ಹಳ್ಳಿಯ ಕಂಬಾರರು ಇದೇ ತಿಳಿವನ್ನು ಬೇರೆ ರೀತಿಯಲ್ಲಿ ಬಳಸಿದರು. ಕೊಡಲಿಯ ಮೈ ಮೆತ್ತಗಿನ ಕಬ್ಬಿಣ, ಕಡಿಯುವ ಅಂಚಿಗೆ ಮಾತ್ರ ಉಕ್ಕು. ಸವೆದ ಕೊಡಲಿಗೆ ಮತ್ತೆ ಉಕ್ಕು ಹಾಕಿಸುವುದು ರೈತರಿಗೆ ವಾಡಿಕೆಯ ಮಾತು. ಏಟನ್ನು ಮೈ ತಾಳುತ್ತದೆ, ಹರಿತವನ್ನು ಅಂಚು ಕಾಯುತ್ತದೆ. ಸುಗ್ಗಿಯಲ್ಲಿ ಕಣದಿಂದಲೇ ಆಯದ ಕಾಳು ಪಡೆಯುತ್ತಿದ್ದ ಆ ಕಂಬಾರನಿಗೆ ಯಾವ ಹೊಲದಲ್ಲಿ ಕಲ್ಲಿದೆ, ಯಾರ ಕೈ ಜೋರು ಎಂಬುದು ಗೊತ್ತಿರುತ್ತಿತ್ತು. ಹದವನ್ನೂ ಅದಕ್ಕೆ ತಕ್ಕಂತೆ ಕೊಡುತ್ತಿದ್ದ. ಇಂದು ಅಂಗಡಿಯಿಂದ ಕೊಳ್ಳುವವನು ಆ ಆಯ್ಕೆಯನ್ನು ತಾನೇ ಮಾಡಬೇಕಾಗಿದೆ.

ಅಂಕಿ ಹೇಳದೆ ಬಿಡುವುದು

ಒಂದೇ 60 ಎಚ್‌ಆರ್‌ಸಿ ಇರುವ ಎರಡು ಅಲಗುಗಳು ಬೇರೆ ಬೇರೆಯಾಗಿ ನಡೆದುಕೊಳ್ಳಬಹುದು. ಬೇರಿಂಗ್ ಉಕ್ಕಿನಲ್ಲಿ ಶೇ. 1 ಇಂಗಾಲ, ಶೇ. 1.5 ಕ್ರೋಮಿಯಂ; ಕಣಗಳು ಸಣ್ಣವು; ಅಂಚು ನುಣುಪಾಗಿ ಹರಿತವಾಗುತ್ತದೆ. ಅಗ್ಗದ ಚಾಕುಗಳಲ್ಲಿ ಹೆಚ್ಚು ಕಾಣುವ ಡಿ2 ಉಕ್ಕಿನಲ್ಲಿ ಇಂಗಾಲ ಶೇ. 1.5, ಕ್ರೋಮಿಯಂ ಸುಮಾರು ಶೇ. 12, ಕಾರ್ಬೈಡ್ ಕಣಗಳು ದಪ್ಪ. ಅದು ಬಹಳ ದಿನ ಸವೆಯದು, ಆದರೆ ತೆಳುವಾಗಿ ಮಸೆದರೆ ಅಂಚು ಬೇಗ ಮುಕ್ಕಾಗುತ್ತದೆ.

ಅಂಚಿನ ಕೋನದ ಪ್ರಭಾವ ಗಡಸುತನಕ್ಕಿಂತ ಕಡಿಮೆಯೇನಲ್ಲ. ಒಂದೊಂದು ಬದಿಗೆ 15 ಡಿಗ್ರಿ ಇಟ್ಟು ಮಸೆದ 57ರ ಚಾಕು, 25 ಡಿಗ್ರಿ ಇಟ್ಟು ಮಸೆದ 61ರ ಚಾಕುವಿಗಿಂತ ಸಲೀಸಾಗಿ ಹಣ್ಣು, ಹಗ್ಗ, ಚೀಲ ಕೊಯ್ಯುತ್ತದೆ. ಕಟ್ಟಿಗೆ ಸಿಗಿಯುವುದಾದರೆ ಕೋನ ದಪ್ಪ ಬೇಕು. ಗಡಸು ಉಕ್ಕಿನ ನಿಜವಾದ ಉಪಯೋಗವೂ ಇಲ್ಲೇ ಇದೆ: ತೆಳುವಾದ ಅಂಚು ಮಡಚದಂತೆ ಅದು ಹಿಡಿದು ನಿಲ್ಲುತ್ತದೆ. ಗಡಸು ಉಕ್ಕು ಕೊಂಡು ಅಂಚನ್ನು ದಪ್ಪವಾಗಿಯೇ ಇಟ್ಟರೆ ಕೊಟ್ಟ ದುಡ್ಡು ದಂಡ.

ಮೂರನೆಯದು ಗ್ರೈಂಡರ್. ವಿದ್ಯುತ್ ಚಕ್ರಕ್ಕೆ ಹಿಡಿದ ಅಲಗಿನ ತುದಿಯಲ್ಲಿ ನೀಲಿ ಬಣ್ಣ ಬಂದರೆ ಅಲ್ಲಿ ಬಿಸಿ 300 ಡಿಗ್ರಿ ಮುಟ್ಟಿತು, ಕೊಟ್ಟ ಹದ ಆ ಜಾಗದಲ್ಲಿ ಹೋಯಿತು ಎಂದು ತಿಳಿಯಬೇಕು. ಸಂತೆಯಲ್ಲಿ ಕಿಡಿ ಹಾರಿಸುತ್ತ ಸಾಣೆ ಹಿಡಿಸಿಕೊಂಡ ಚಾಕು ಎರಡೇ ದಿನದಲ್ಲಿ ಮೊಂಡಾಗುವುದಕ್ಕೆ ಎಷ್ಟೋ ಸಲ ಇದೇ ಕಾರಣ. ಪದೇ ಪದೇ ನೀರಿಗೆ ಅದ್ದುತ್ತ, ಬೆರಳಿಗೆ ತಾಳುವಷ್ಟು ಬಿಸಿಯಲ್ಲೇ ಉಜ್ಜಬೇಕು.

ಜಗತ್ತಿನ ಚಾಕುಗಳು ಎಲ್ಲಿ ನಿಂತಿವೆ

ಸ್ವಿಟ್ಜರ್ಲೆಂಡಿನ ವಿಕ್ಟೋರಿನಾಕ್ಸ್ 1884ರಲ್ಲಿ ಶುರುವಾದ ಕಂಪನಿ. ಅದರ ಕೆಂಪು ಹಿಡಿಕೆಯ ಜೇಬಿನ ಚಾಕುವಿನಲ್ಲಿ ಅಲಗು 56 ಎಚ್‌ಆರ್‌ಸಿ, ಕತ್ತರಿ, ಗರಗಸ 53, ಸ್ಕ್ರೂಡ್ರೈವರ್ 52, ಸ್ಪ್ರಿಂಗ್ 49. ಒಂದೇ ಹಿಡಿಕೆಯೊಳಗೆ ನಾಲ್ಕು ಗಡಸುತನ! ತಿರುಚಬೇಕಾದದ್ದು ಮುರಿಯಬಾರದು, ಬಾಗಬೇಕಾದದ್ದು ಬಾಗಿ ಹಿಂದಿರುಗಬೇಕು, ಕೊಯ್ಯಬೇಕಾದದ್ದು ಹರಿತ ಹಿಡಿಯಬೇಕು. ಕೆಲಸ ನೋಡಿ ಗಡಸು ಕೊಡುವ ನೀತಿಗೆ ಇದಕ್ಕಿಂತ ಸ್ಪಷ್ಟ ಉದಾಹರಣೆ ಬೇಕಿಲ್ಲ. ಆ ಅಲಗಿನ 56 ದೊಡ್ಡ ಅಂಕಿಯೇನಲ್ಲ, ಆದರೂ ಲೋಕವೆಲ್ಲ ಅದನ್ನು ಜೇಬಿನಲ್ಲಿಟ್ಟುಕೊಂಡಿದೆ.

ಫ್ರಾನ್ಸಿನ ಸವೋಯ್ ಬೆಟ್ಟಸೀಮೆಯಲ್ಲಿ ಜೋಸೆಫ್ ಒಪಿನೆಲ್ 1890ರಲ್ಲಿ ರೂಪಿಸಿದ ಮರದ ಹಿಡಿಕೆಯ ಮಡಚುವ ಚಾಕು ರೈತರ ಚಾಕು. ಅದರ ಇಂಗಾಲದ ಉಕ್ಕು 57ರಿಂದ 59ರ ನಡುವೆ ನಿಲ್ಲುತ್ತದೆ. ಜಪಾನಿನ ಅಡುಗೆಯ ಕತ್ತಿಗಳು 60 ದಾಟಿ 64ರವರೆಗೂ ಹೋಗುತ್ತವೆ. ಆದರೆ ಅವನ್ನು ಬಳಸುವವರು ಮೆತ್ತಗಿನ ಮೀನು, ತರಕಾರಿಯನ್ನು ಮರದ ಹಲಗೆಯ ಮೇಲೆ ಕೊಯ್ಯುತ್ತಾರೆ, ಎಲುಬು ಕಡಿಯುವುದಿಲ್ಲ, ನುಣುಪು ಕಲ್ಲಿನ ಮೇಲೆ ತಾಳ್ಮೆಯಿಂದ ಮಸೆಯುತ್ತಾರೆ. ಆ ಚಾಕುವಿನಿಂದ ಪೈಪು ತಿರುಚಿದರೆ ಅಂಚು ಸಿಡಿಯುತ್ತದೆ.

ನಮ್ಮ ಹೊಲ, ನಮ್ಮ ಕೆಲಸ

ಧಾರವಾಡ ಜಿಲ್ಲೆಯೊಳಗೇ ನೆಲ ಎರಡು ಬಗೆ. ನವಲಗುಂದ, ಅಣ್ಣಿಗೇರಿ, ಕುಂದಗೋಳ ಕಡೆ ಕಪ್ಪು ಎರೆ. ಕಲಘಟಗಿ ಕಡೆ ಹೋದಂತೆ ಕೆಂಪು ನೆಲ, ಗುಡ್ಡ, ಕಾಡು. ಎರೆಮಣ್ಣು ಒದ್ದೆಯಾದಾಗ ಅಲಗಿಗೆ ಮೆತ್ತುತ್ತದೆ, ಒಣಗಿದಾಗ ಕಲ್ಲಿನಂತೆ ಬಿಗಿಯುತ್ತದೆ. ಕೆಂಪು ನೆಲದ ಹರಳುಗಲ್ಲು ಅಲಗನ್ನು ನೇರವಾಗಿ ಹೊಡೆಯುತ್ತದೆ. ಮಣ್ಣಿನಲ್ಲಿರುವ ಬೆಣಚುಕಲ್ಲಿನ ಪುಡಿ ಖನಿಜಗಳ ಗಡಸುತನ ಹೇಳುವ ಮೋಸ್ ಮಾನದಲ್ಲಿ 7. ಚಾಕುವಿನ ಸಾಮಾನ್ಯ ಉಕ್ಕು ಎಷ್ಟೇ ಗಡಸಾದರೂ ಅದರ ಮುಂದೆ ಸವೆಯಲೇಬೇಕು. ಆದ್ದರಿಂದ ಮಣ್ಣಿಗೆ ಇಳಿಯುವ ಕುರ್ಪಿ, ಕುಂಟೆಯ ಅಲಗುಗಳಿಗೆ ಅತಿ ಗಡಸುತನ ಕೊಟ್ಟು ಫಲವಿಲ್ಲ. 40ರಿಂದ 48ರ ಸುತ್ತ ಇದ್ದರೆ ಏಟು ತಾಳುತ್ತವೆ, ಸವೆದಾಗ ಕಂಬಾರನಲ್ಲಿ ಹಣಿಸಿಕೊಂಡು ಬರಬಹುದು.

ಜೋಳದ ದಂಟು, ಗೋಧಿಯ ಹುಲ್ಲಿನೊಳಗೂ ಸಣ್ಣ ಸಿಲಿಕಾ ಕಣಗಳಿವೆ. ಕುಡುಗೋಲು ಬಿಳಿಜೋಳದ ಸುಗ್ಗಿಯಲ್ಲಿ ಬೇಗ ಸವೆಯುವುದು ಅದಕ್ಕೇ. ಕುಡುಗೋಲಿಗೆ 50ರಿಂದ 55 ಒಪ್ಪುವ ಹದ: ಹೊಲದಲ್ಲೇ ಮಸೆಯಬಹುದು, ಬೆಡ್ಡೆಗೆ ತಾಕಿದರೂ ಮುರಿಯುವುದಿಲ್ಲ. ಕಟ್ಟಿಗೆ ಕಡಿಯುವ ಕೊಡಲಿ, ಮಚ್ಚಿಗೂ ಹೆಚ್ಚುಕಡಿಮೆ ಇದೇ ಹದ ಸರಿ.

ಜೇಬಿನ ಚಾಕು ಮಣ್ಣಿಗೆ ಇಳಿಯುವುದಿಲ್ಲ, ಕಟ್ಟಿಗೆ ಕಡಿಯುವುದಿಲ್ಲ. ಅದಕ್ಕೆ ಇನ್ನೂ ಗಡಸು ಕೊಡಬಹುದು: 56ರಿಂದ 59. ಸುತಳಿ, ಪ್ಲಾಸ್ಟಿಕ್ ಚೀಲಗಳಲ್ಲಿ ಸಿಕ್ಕಿಕೊಂಡ ದೂಳು ಅಂಚನ್ನು ತಿನ್ನುತ್ತದೆ. 54ಕ್ಕಿಂತ ಕೆಳಗಿನ ಅಲಗು ಅಲ್ಲಿ ಬೇಗ ಸೋಲುತ್ತದೆ. 61 ದಾಟಿದರೆ ಮುಚ್ಚಳ ಎಬ್ಬಿಸುವುದು, ವೈರು ತಿರುಚುವುದು ಮುಂತಾದ ಅಡ್ಡ ಕೆಲಸಗಳಲ್ಲಿ ತುದಿ ಹಾರುತ್ತದೆ. ಅಂಥ ಕೆಲಸಕ್ಕೆ ಚಾಕು ಬಳಸಬಾರದು ಎಂದು ಹೇಳುವುದು ಸುಲಭ, ಹೊಲದಲ್ಲಿ ಬೇರೆ ಸಾಮಾನು ಕೈಗೆ ಸಿಗುವುದಿಲ್ಲ.

ಹೆಚ್ಚು ಗಡಸು ಬೇಡುವ ಮಡಚುವ ಚಾಕು ನಮ್ಮ ಜಿಲ್ಲೆಯಲ್ಲಿ ಒಂದಿದೆ: ಕಸಿ ಚಾಕು. ಧಾರವಾಡದ ಆಪೂಸ್ ಮಾವಿನ ತೋಟಗಳಿಗೆ ಸಸಿ ಕೊಡುವ ನರ್ಸರಿಗಳಲ್ಲಿ ಕಡ್ಡಿಯನ್ನು ಒಂದೇ ಎಳೆತಕ್ಕೆ ನುಣುಪಾಗಿ ಕೊಯ್ಯಬೇಕು. ಅಂಚು ಒರಟಾದರೆ ಎರಡು ಮೈ ಸರಿಯಾಗಿ ಕೂಡದೆ ಕಸಿ ಸೋಲುತ್ತದೆ. ಹಸಿ ಕಡ್ಡಿ ಮೆತ್ತಗಿರುವುದರಿಂದ ಅಂಚು ಸಿಡಿಯುವ ಭಯ ಕಡಿಮೆ. ಅದಕ್ಕೆ 58ರಿಂದ 61, ತೆಳುವಾದ ಕೋನ, ಸಣ್ಣ ಕಣದ ಉಕ್ಕು ಸರಿ. ಆದರೆ ಆ ಚಾಕುವಿನಿಂದ ಸುತಳಿ ಕೊಯ್ಯಬಾರದು.

ಮಸೆಗಲ್ಲು ಮತ್ತು ತುಕ್ಕು

ಮನೆಯ ಮಸೆಗಲ್ಲು ಏನನ್ನು ಕೊರೆಯಬಲ್ಲದೋ ಅಲ್ಲಿಗೆ ಚಾಕುವಿನ ಆಯ್ಕೆ ನಿಲ್ಲಬೇಕು. ಮರಳುಗಲ್ಲಿನ ಹರಿತ ಬೆಣಚಿನ ಕಣದ್ದು. ಸಾಮಾನ್ಯ ಇಂಗಾಲದ ಉಕ್ಕನ್ನು ಅದು ಚೆನ್ನಾಗಿ ಸವೆಸುತ್ತದೆ. ಡಿ2ವಿನಂಥ ಉಕ್ಕಿನಲ್ಲಿರುವ ಕ್ರೋಮಿಯಂ ಕಾರ್ಬೈಡ್ ಬೆಣಚಿಗಿಂತ ಗಟ್ಟಿ. ಅದಕ್ಕೆ ಅಂಗಡಿಯಲ್ಲಿ ಸಿಗುವ ಅಲ್ಯೂಮಿನಾ ಅಥವಾ ಕಾರ್ಬೊರಂಡಂ ಕಲ್ಲು ಬೇಕು. 2001ರಲ್ಲಿ ಬಂದ ಎಸ್30ವಿ ಥರದ ದುಬಾರಿ ಉಕ್ಕಿನಲ್ಲಿ ಶೇ. 4 ವನೇಡಿಯಂ ಇರುತ್ತದೆ. ವನೇಡಿಯಂ ಕಾರ್ಬೈಡ್ ಅಲ್ಯೂಮಿನಾವನ್ನೂ ಮೀರಿಸುವಷ್ಟು ಗಟ್ಟಿ, ಅದಕ್ಕೆ ವಜ್ರದ ಪುಡಿ ಹಾಕಿದ ಫಲಕವೇ ಸರಿ. ಅದಿಲ್ಲದ ಮನೆಗೆ ಅಂಥ ಚಾಕು ಮೊದಲ ಕೆಲವು ತಿಂಗಳ ಸಂತೋಷ ಮಾತ್ರ.

ತುಕ್ಕಿನ ಮಾತೂ ಇದೆ. ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಹ್ಯಾರಿ ಬ್ರೇರ್ಲಿ 1913ರಲ್ಲಿ ತುಕ್ಕು ಹಿಡಿಯದ ಉಕ್ಕು ತಯಾರಿಸಿದರು. ಚಾಕುವಿಗೆ ಅದರಲ್ಲಿ ಶೇ. 13ರ ಸುತ್ತ ಕ್ರೋಮಿಯಂ ಇರಬೇಕು. ಉಳ್ಳಾಗಡ್ಡಿ, ಲಿಂಬಿ, ಮಾವಿನ ಸೊನೆ ಇಂಗಾಲದ ಉಕ್ಕನ್ನು ಬೇಗ ಕಪ್ಪಾಗಿಸುತ್ತವೆ. ಒರೆಸಿ ಒಂದು ಹನಿ ಎಣ್ಣೆ ಸವರಿ ಇಡುವವರಿಗೆ ಇಂಗಾಲದ ಉಕ್ಕು, ಬೆವರಿನ ಜೇಬಿನಲ್ಲೇ ಮರೆತುಬಿಡುವವರಿಗೆ 56ರಿಂದ 58ರ ಸ್ಟೇನ್‌ಲೆಸ್ ಒಳ್ಳೆಯದು.

ತೀರ್ಪು

ಅಂಕಿ ಗೊತ್ತಿಲ್ಲದ ಚಾಕು ಕೈಯಲ್ಲಿದ್ದರೆ ಎರಡು ಪರೀಕ್ಷೆ ಸಾಕು. ಹೊಸ ಒಳ್ಳೆಯ ಅರವನ್ನು ಅಂಚಿನ ಮೇಲೆ ಹಗುರಾಗಿ ಎಳೆಯಿರಿ. ಜಾರಿದರೆ ಉಕ್ಕು 60ರ ಸುತ್ತ, ಸುಲಭವಾಗಿ ಕಚ್ಚಿದರೆ ಮೆತ್ತಗೆ, ಕಷ್ಟಪಟ್ಟು ಕಚ್ಚಿದರೆ ಇವೆರಡರ ನಡುವೆ. ಎರಡನೆಯದು ಬಳಸಿದ ಮೇಲಿನದು. ಅಂಚನ್ನು ಬೆಳಕಿಗೆ ಹಿಡಿದು ನೋಡಿ: ಮಡಚಿದ್ದರೆ ಮುಂದಿನ ಚಾಕು ಇನ್ನೂ ಗಡಸು ಇರಲಿ, ಮುಕ್ಕಾಗಿದ್ದರೆ ಮೊದಲು ಕೋನ ದಪ್ಪ ಮಾಡಿ, ಆಗಲೂ ಮುಕ್ಕಾದರೆ ಮುಂದಿನದು ಮೆತ್ತಗಿರಲಿ.

ಹುಬ್ಬಳ್ಳಿ–ಧಾರವಾಡದ ಎಂಜಿನಿಯರಿಂಗ್ ಕಾಲೇಜುಗಳ ಪ್ರಯೋಗಶಾಲೆಗಳಲ್ಲಿ ವಿದ್ಯಾರ್ಥಿಗಳು ರಾಕ್‌ವೆಲ್ ಪರೀಕ್ಷೆ ಮಾಡಿ ಕಲಿಯುತ್ತಾರೆ. ವರ್ಷಕ್ಕೆ ಕೆಲವು ದಿನ ಆ ಯಂತ್ರದ ಮುಂದೆ ಸುತ್ತಲ ಹಳ್ಳಿಗಳ ಕಂಬಾರರನ್ನು ಕರೆದು ಅವರ ಅಲಗುಗಳನ್ನು ಅಳೆದು ತೋರಿಸಿದರೆ, ಕಣ್ಣಿನ ಹದಕ್ಕೂ ಯಂತ್ರದ ಅಂಕಿಗೂ ಸೇತುವೆ ಬೀಳುತ್ತದೆ. ಕೃಷಿ ವಿಶ್ವವಿದ್ಯಾಲಯದ ಮೇಳದಲ್ಲಿ ಮಾರುವ ಕುಡುಗೋಲು, ಕಸಿ ಚಾಕುಗಳ ಮೇಲೆ ಯಾವ ಉಕ್ಕು, ಎಷ್ಟು ಗಡಸು ಎಂದು ಬರೆದಿರಲಿ. ಬೀಜದ ಚೀಲದ ಮೇಲೆ ಮೊಳಕೆಯ ಪ್ರಮಾಣ ಕೇಳುವ ರೈತ ಅಲಗಿನ ಮೇಲೆ ಇದನ್ನು ಕೇಳುವುದು ನ್ಯಾಯ.

ಶಲವಡಿಯ ರೈತ ಜೇಬಿನ ಚಾಕು ಕೊಳ್ಳುವುದಾದರೆ ನನ್ನ ಸಲಹೆ ಇಷ್ಟು: 57 ಅಥವಾ 58 ಎಚ್‌ಆರ್‌ಸಿಯ ಸಾಮಾನ್ಯ ಉಕ್ಕು, ಒಂದೊಂದು ಬದಿಗೆ 18ರಿಂದ 20 ಡಿಗ್ರಿಯ ಅಂಚು, ಎರಡು ಮೈಯ ಒಂದು ಕಾರ್ಬೊರಂಡಂ ಕಲ್ಲು. ಉಳಿದ ದುಡ್ಡನ್ನು ದೊಡ್ಡ ಅಂಕಿಗೆ ಸುರಿಯಬೇಡಿ. ವಾರಕ್ಕೊಮ್ಮೆ ನೀವೇ ಮಸೆಯುವ ರೂಢಿ ಬೆಳೆಸಿಕೊಳ್ಳಿ.